ಎಂಜೈಮ್‌ಗಳು ತಿಂಗಳುಗಟ್ಟಲೆ ಕೆಡದೆ ಉಳಿಯುವುದು ಹೇಗೆ?

ಎಂಜೈಮ್, ಅಂದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನ್, ಬೇಗ ಕೆಡುತ್ತದೆ ಎಂದು ಓದಿದ್ದೀರಿ. ಹಾಗಿದ್ದರೆ ರಕ್ತದ ಸಕ್ಕರೆ ನೋಡುವ ಶುಗರ್ ಸ್ಟ್ರಿಪ್, ಬಟ್ಟೆ ಒಗೆಯುವ ಲಿಕ್ವಿಡ್, ಔಷಧಿ ಇವುಗಳಲ್ಲಿ ಅದು ಹೇಗೆ ಬಾಳಿಕೆ ಬರುತ್ತದೆ ಎಂದು ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿರುವವನು. ಎಲ್ಲಕ್ಕೂ ಒಂದೇ ಮದ್ದು ಇಲ್ಲ. ಈ ಎಂಜೈಮ್ ಯಾವುದರಿಂದ ಕೆಡುತ್ತದೆ ಎಂದು ಮೊದಲು ಪತ್ತೆ ಮಾಡಬೇಕು. ಎಷ್ಟೋ ಸಲ ಕಾರಣ ಬಿಸಿ ಆಗಿರುವುದೇ ಇಲ್ಲ.

ಶುಗರ್ ಸ್ಟ್ರಿಪ್‌ಗೆ ತೇವವೇ ದೊಡ್ಡ ಶತ್ರು. ಅದರ ತುದಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಅಥವಾ ಗ್ಲೂಕೋಸ್ ಡಿಹೈಡ್ರೋಜಿನೇಸ್ ಎಂಬ ಎಂಜೈಮ್ ಒಣಗಿಸಿಟ್ಟಿರುತ್ತಾರೆ. ಒಣಗಿದ್ದಷ್ಟು ದಿನ ಅದು ಚೆನ್ನಾಗಿಯೇ ಇರುತ್ತದೆ. ಡಬ್ಬಿಯೊಳಗೆ ತೇವ ಹೀರುವ ವಸ್ತು ಇಡುವುದೂ ಇದಕ್ಕೇ. ದಯವಿಟ್ಟು ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಬಿಗಿಯಾಗಿ ಹಾಕಿ. ಫ್ರಿಜ್‌ನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಬೆವರು ಕಟ್ಟುತ್ತದೆ. ತೇವ ತಗುಲಿದ ಸ್ಟ್ರಿಪ್‌ನ ತಪ್ಪು ರೀಡಿಂಗ್ ನಂಬಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಅಪಾಯ.

ನನಗೆ ತುಂಬಾ ಇಷ್ಟವಾದದ್ದು ಲಿಕ್ವಿಡ್ ಡಿಟರ್ಜೆಂಟ್. ಅದರಲ್ಲಿರುವ ಪ್ರೋಟಿಯೇಸ್ ಪ್ರೋಟೀನ್ ಕತ್ತರಿಸುವ ಎಂಜೈಮ್. ಆದರೆ ಅದೂ ಪ್ರೋಟೀನೇ ಅಲ್ವಾ? ಸುಮ್ನೆ ಬಿಟ್ಟರೆ ಬಾಟಲಿಯಲ್ಲೇ ಒಂದನ್ನೊಂದು ಕತ್ತರಿಸಿ ಹಾಕುತ್ತವೆ. ಜೊತೆಗಿರುವ, ಪಿಷ್ಟ ಕತ್ತರಿಸುವ ಎಂಜೈಮ್ ಅಮೈಲೇಸನ್ನೂ ಬಿಡುವುದಿಲ್ಲ. ಇದನ್ನು ತಡೆಯಲು ಬೋರೇಟ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕಗಳನ್ನು ಬೆರೆಸುವ ಪದ್ಧತಿ ಬಂತು. ಇವು ಪ್ರೋಟಿಯೇಸ್ ಕತ್ತರಿಸುವ ಜಾಗದಲ್ಲೇ ಹೋಗಿ ಕೂರುತ್ತವೆ. ಒಂದು ಮುಚ್ಚಳ ಲಿಕ್ವಿಡ್ ಬಕೆಟ್ ನೀರಿಗೆ ಬಿದ್ದಾಗ ಎಲ್ಲವೂ ತೆಳುವಾಗಿ ಆ ಹಿಡಿತ ಬಿಡುತ್ತದೆ, ಎಂಜೈಮ್ ಕೆಲಸ ಶುರು ಮಾಡುತ್ತದೆ. ಎಷ್ಟು ಚೆಂದದ ಉಪಾಯ ನೋಡಿ! ಪ್ರೋಟಿಯೇಸ್‌ನ ಆಕಾರ ಗಟ್ಟಿಯಾಗಿ ನಿಲ್ಲಲಿ ಎಂದು ಸ್ವಲ್ಪ ಕ್ಯಾಲ್ಸಿಯಂ ಕೂಡ ಸೇರಿಸುತ್ತಾರೆ.

ಬ್ಲೀಚ್ ಇರುವ ಪುಡಿಯಲ್ಲಿ ತೊಂದರೆ ಬೇರೆ. ಸಬ್ಟಿಲಿಸಿನ್ ಎಂಬ ಪ್ರೋಟಿಯೇಸ್‌ನಲ್ಲಿ ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟುವ ಮಣಿಗಳು) ಸರದಲ್ಲಿ 222ನೇ ಜಾಗದಲ್ಲಿ ಮೆಥಿಯೊನಿನ್ ಇದೆ. ಬ್ಲೀಚ್ ತಗುಲಿದರೆ ಅದು ಆಕ್ಸಿಡೈಸ್ ಆಗಿ, ಅಂದರೆ ಆಮ್ಲಜನಕ ಸೇರಿಕೊಂಡು, ಎಂಜೈಮ್ ಸೊರಗುತ್ತದೆ. 1985ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ಒಂದು ಅಮೈನೋ ಆಮ್ಲವನ್ನು ಅಲನಿನ್‌ನಂಥ ಬೇರೆಯವುಗಳಿಗೆ ಬದಲಾಯಿಸಿ ತೋರಿಸಿದರು. ವೇಗ ಕಡಿಮೆಯಾಯಿತು, ಆದರೆ ಬ್ಲೀಚ್‌ನಲ್ಲಿ ತಡೆದುಕೊಂಡಿತು. ತಾಳಿಕೆ ಬೇಕೆಂದರೆ ವೇಗ ಸ್ವಲ್ಪ ಬಿಟ್ಟುಕೊಡಬೇಕಾಗುವುದು ಈ ಕೆಲಸದಲ್ಲಿ ಆಗಾಗ ಎದುರಾಗುವ ಮಾತು.

ಔಷಧಿಯಲ್ಲಿ ಶೀಶೆಯೊಳಗೆ ಉಳಿದರೆ ಸಾಲದು, ರಕ್ತದಲ್ಲೂ ಉಳಿಯಬೇಕು. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ಆಸ್ಪರಾಜಿನೇಸ್ ಎಂಬ ಎಂಜೈಮ್ ಬ್ಯಾಕ್ಟೀರಿಯಾದಿಂದ ಬಂದದ್ದು. ದೇಹ ಅದನ್ನು ಬೇಗ ಹೊರಹಾಕುತ್ತದೆ, ಹಾಗಾಗಿ ವಾರಕ್ಕೆ ಮೂರು ಇಂಜೆಕ್ಷನ್ ಬೇಕಾಗುತ್ತಿತ್ತು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್‌ನ ಸರಪಳಿ ಜೋಡಿಸಿ, ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿದ ರೂಪಕ್ಕೆ 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಎರಡು ವಾರಕ್ಕೆ ಒಂದು ಸಲ ಕೊಟ್ಟರೆ ಸಾಕು. ಸೂಜಿ ಕಂಡರೆ ಅಳುವ ಮಗುವಿಗೆ, ಅದರ ಅಪ್ಪ ಅಮ್ಮನಿಗೆ ಇದು ಸಣ್ಣ ವಿಷಯವಲ್ಲ. ಆದರೂ ಕೆಲವು ಮಕ್ಕಳಿಗೆ ಅಲರ್ಜಿ ಆಗುತ್ತದೆ. ಅವರಿಗೆ ಎರ್ವಿನಿಯಾ ಎಂಬ ಬೇರೆ ಬ್ಯಾಕ್ಟೀರಿಯಾದ ಆಸ್ಪರಾಜಿನೇಸ್ ಕೊಡುತ್ತಾರೆ. ಅದು ರಕ್ತದಲ್ಲಿ ಇನ್ನೂ ಕಡಿಮೆ ಹೊತ್ತು ನಿಲ್ಲುತ್ತದೆ, ಹಾಗಾಗಿ ಇಂಜೆಕ್ಷನ್ ಮತ್ತೆ ಜಾಸ್ತಿ.