ಸಂಪಾದಕರ ಉತ್ತರ: ಏಳು ಹಾಡುಗಳ ಒಂದು ನಾಟಕ

(ಹವ್ಯಾಸಿ ನಾಟಕ ತಂಡವೊಂದರಲ್ಲಿ ಇಪ್ಪತ್ತು ವರ್ಷ ನಟಿಸಿದ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. ಅವರ ಮಾತಿನ ಸಾರ ಇಷ್ಟು: “ಕಳೆದ ಸಂಚಿಕೆಯಲ್ಲಿ ಮೀಟ್ ಲೋಫ್ ರಚಿಸಿ ಹಾಡಿದ ‘ಬ್ಯಾಟ್ ಔಟ್ ಆಫ್ ಹೆಲ್’ ಎಂಬ ರಾಕ್ ಆಲ್ಬಂ ಅನ್ನು ರಂಗಭೂಮಿಗೆ ಸಮನಾದ ಕೃತಿ ಎಂದು ಹೊಗಳಿದ್ದಿರಿ. ಮಗಳ ಮೊಬೈಲಿನಲ್ಲಿ ಎರಡು ಸಲ ಕೇಳಿದೆ. ಒಂದು ಹಾಡಿನ ವಿಡಿಯೊ ಕೂಡ ನೋಡಿದೆ. ಗಾಯಕ ಪ್ರತಿ ಸಾಲನ್ನೂ ಪ್ರಾಣ ಹೋಗುವವನಂತೆ ಕೂಗುತ್ತಾನೆ. ಇದನ್ನು ನಮ್ಮ ನಿರ್ದೇಶಕರು ಅತಿನಟನೆ ಎನ್ನುತ್ತಿದ್ದರು. ಅಷ್ಟಕ್ಕೂ ಇದು ತಮಾಷೆಯೋ ಗಂಭೀರವೋ? ಇದರಲ್ಲಿ ಮೆಚ್ಚುವಂಥದ್ದು ಏನಿದೆ?”)

ಮಾನ್ಯರೇ,

ಮೊದಲು ನಮ್ಮ ತಪ್ಪನ್ನು ತಿದ್ದಿಕೊಳ್ಳುತ್ತೇನೆ. ಮೀಟ್ ಲೋಫ್ ‘ರಚಿಸಿ ಹಾಡಿದ’ ಎಂದು ನಾವು ಅಚ್ಚು ಮಾಡಿದ್ದು ಸರಿಯಲ್ಲ. ಅವರು ಹಾಡಿದರು, ಅಷ್ಟೇ. ಏಳಕ್ಕೆ ಏಳೂ ಹಾಡುಗಳ ಸಾಹಿತ್ಯ, ಸಂಗೀತ ಎರಡೂ ಜಿಮ್ ಸ್ಟೈನ್‌ಮನ್ ಅವರದು. ಆಲ್ಬಂನ ಮುಖಪುಟದಲ್ಲಿಯೇ ಗಾಯಕನ ಹೆಸರಿನ ಜೊತೆಗೆ ಹಾಡುಗಳು ಸ್ಟೈನ್‌ಮನ್ ಅವರವು ಎಂದು ಮುದ್ರಿಸಿದ್ದಾರೆ. ರಾಕ್ ಆಲ್ಬಂಗಳಲ್ಲಿ ಇದು ಅಪರೂಪ. ನಾಟಕದ ಕರಪತ್ರದಲ್ಲಾದರೆ ರಚನೆಕಾರನ ಹೆಸರು ಇರಲೇಬೇಕಲ್ಲವೇ? ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಇಲ್ಲಿಂದಲೇ ಹೊರಡುತ್ತೇನೆ.

ಸ್ಟೈನ್‌ಮನ್ ರಾಕ್ ತಂಡಗಳಲ್ಲಿ ಬೆಳೆದವರಲ್ಲ. ಅವರದು ನಾಟಕದ ಬದುಕು. ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1969ರಲ್ಲಿ, ‘ದಿ ಡ್ರೀಮ್ ಎಂಜಿನ್’ ಎಂಬ ಸಂಗೀತ ನಾಟಕ ಬರೆದು ಆಡಿಸಿದರು. ನ್ಯೂಯಾರ್ಕಿನ ರಂಗಕರ್ಮಿ ಜೋಸೆಫ್ ಪ್ಯಾಪ್ ಅದನ್ನು ಮೆಚ್ಚಿ ಅವರನ್ನು ತಮ್ಮ ರಂಗಮಂದಿರಕ್ಕೆ ಕರೆಸಿಕೊಂಡರು. ಅಲ್ಲಿ ಸ್ಟೈನ್‌ಮನ್ ಸಂಗೀತ ಕೊಟ್ಟ ನಾಟಕವೊಂದಕ್ಕೆ ನಟರನ್ನು ಆರಿಸುತ್ತಿದ್ದಾಗ ಡಲ್ಲಸ್ ಊರಿನ ಭಾರೀ ಮೈಕಟ್ಟಿನ ಯುವಕನೊಬ್ಬ ಹಾಡಿ ತೋರಿಸಲು ಬಂದ. ಅವನೇ ಮೀಟ್ ಲೋಫ್. ಇಬ್ಬರ ಜೋಡಿ ಕೂಡಿದ್ದು ಹೀಗೆ, ರಂಗದ ಮೇಲೆ. ಮುಂದೆ ಮೀಟ್ ಲೋಫ್ ‘ರಾಕಿ ಹಾರರ್’ ನಾಟಕದಲ್ಲಿ ಎಡ್ಡಿಯ ಪಾತ್ರ ಮಾಡಿದರು. 1975ರ ಚಲನಚಿತ್ರದಲ್ಲೂ ಆ ಪಾತ್ರ ಅವರದೇ.

ಹಾಡುಗಳೂ ನಾಟಕದಿಂದಲೇ ಬಂದವು. ಎಂದೂ ದೊಡ್ಡವನಾಗದ ಹುಡುಗ ಪೀಟರ್ ಪ್ಯಾನ್‌ನ ಕಥೆಯನ್ನು ಸ್ಟೈನ್‌ಮನ್ ಮುಂದೊಂದು ಕಾಲಕ್ಕೆ ಒಯ್ದು ‘ನೆವರ್‌ಲ್ಯಾಂಡ್’ ಎಂಬ ಸಂಗೀತ ನಾಟಕ ಕಟ್ಟುತ್ತಿದ್ದರು. ಆಲ್ಬಂನ ಮೂರು ಹಾಡುಗಳ ಬೇರು ಅಲ್ಲಿದೆ. ಬೆಳೆಯಲು ಒಲ್ಲದ ಹುಡುಗ ಎಂಬ ಆ ಒಂದು ಎಳೆಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿ, ಏಳೂ ಹಾಡುಗಳು ಒಂದೇ ದಾರದಲ್ಲಿ ಬರುತ್ತವೆ. ಮೋಟಾರ್ ಸೈಕಲ್, ಬೇಸಿಗೆಯ ರಾತ್ರಿ, ನಿಂತ ಕಾರು, ಬೆಳಗಾದರೆ ಮುಗಿದುಹೋಗುವ ಪ್ರೀತಿ, ಎಲ್ಲವೂ ಹದಿನೇಳರ ಹರೆಯದ ಸಾಮಾನುಗಳು.

ಈಗ ನಿಮ್ಮ ಮುಖ್ಯ ಆಕ್ಷೇಪಣೆ, ಅತಿನಟನೆ. ನೀವು ಇಪ್ಪತ್ತು ವರ್ಷ ಬಣ್ಣ ಹಚ್ಚಿದವರು, ನಾನು ಪ್ರೇಕ್ಷಕರ ಸಾಲಿನಲ್ಲಿ ಕುಳಿತವನು. ಆದರೂ ಒಂದು ಮಾತು ಹೇಳುತ್ತೇನೆ. ಭಾವಕ್ಕಿಂತ ದನಿ ದೊಡ್ಡದಾದಾಗ ಅದು ಅತಿನಟನೆ. ಭಾವವೇ ಅಷ್ಟು ದೊಡ್ಡದಾಗಿದ್ದರೆ? ಹದಿನೇಳರ ಹುಡುಗನಿಗೆ ಗೆಳತಿಯ ಮನೆಯಿಂದ ಹೊರಡುವುದೆಂದರೆ ಲೋಕ ಮುಳುಗಿದ ಹಾಗೆ. ನಾವು ನಲವತ್ತು ದಾಟಿದವರು ಅದನ್ನು ನೋಡಿ ನಗುತ್ತೇವೆ. ಸ್ಟೈನ್‌ಮನ್ ನಗುವುದಿಲ್ಲ. ಆ ಹುಡುಗನಿಗೆ ಅದು ಎಷ್ಟು ದೊಡ್ಡದಾಗಿ ಕಂಡಿತ್ತೋ ಅಷ್ಟೇ ದೊಡ್ಡದಾಗಿ ರಂಗದ ಮೇಲೆ ಇಡುತ್ತಾರೆ. ಅವರಿಗೆ ಜರ್ಮನ್ ಒಪೆರಾ ಸಂಯೋಜಕ ವ್ಯಾಗ್ನರ್ ಎಂದರೆ ಪ್ರಾಣ. ದೇವತೆಗಳಿಗೂ ವೀರರಿಗೂ ವ್ಯಾಗ್ನರ್ ಕೊಟ್ಟ ವಿಸ್ತಾರವನ್ನು ಇವರು ಬೈಕಿನ ಹುಡುಗನಿಗೆ ಕೊಟ್ಟರು. ನನ್ನ ಮಟ್ಟಿಗೆ ಇದು ಆ ವಯಸ್ಸಿಗೆ ತೋರಿಸಿದ ಗೌರವ.

ಮೊದಲ ಹಾಡನ್ನೇ ನೋಡಿ. ಒಂಬತ್ತು ನಿಮಿಷ ನಲವತ್ತೆಂಟು ಸೆಕೆಂಡು. ಮೊದಲ ಎರಡು ನಿಮಿಷಗಳ ಹತ್ತಿರ ಗಾಯಕನೇ ಇಲ್ಲ! ಪಿಯಾನೊ ಕುದುರೆಯ ಹಾಗೆ ಓಡುತ್ತದೆ, ಡ್ರಮ್ಸ್ ಅದರ ಹಿಂದೆ, ಗಿಟಾರ್ ಅದಕ್ಕೂ ಮುಂದೆ. ಪರದೆ ಏಳುವ ಮೊದಲು ಮೇಳದವರು ಸಭೆಯನ್ನು ಹದಕ್ಕೆ ತರುವ ಹೊತ್ತು ಅದು. ಆಮೇಲೆ ಪಾತ್ರ ಪ್ರವೇಶಿಸಿ, ಊರಿನ ಕೆಟ್ಟ ರಾತ್ರಿಯನ್ನು ವರ್ಣಿಸಿ, ಬೆಳಗಾಗುವ ಮೊದಲು ಹೊರಟುಹೋಗುತ್ತೇನೆ ಎನ್ನುತ್ತದೆ. ಹೊರಡುತ್ತದೆ ಕೂಡ. ವೇಗ ಏರುತ್ತದೆ, ತಿರುವನ್ನು ನೋಡುವುದೇ ಇಲ್ಲ, ಬೈಕು ಉರುಳುತ್ತದೆ. ಹದಿಹರೆಯದವರು ಅಪಘಾತದಲ್ಲಿ ಸಾಯುವ ಹಾಡುಗಳು ಅಮೆರಿಕದಲ್ಲಿ 1960ರ ದಶಕದಲ್ಲಿ ಬೇಕಾದಷ್ಟು ಬಂದಿದ್ದವು. ಅಂಥ ಹಾಡುಗಳಲ್ಲಿ ಎಲ್ಲಕ್ಕಿಂತ ತೀವ್ರವಾದದ್ದನ್ನು ಬರೆಯಬೇಕೆಂಬುದು ಸ್ಟೈನ್‌ಮನ್ ಹಟ. ಇಲ್ಲಿ ಸಾಯುತ್ತಿರುವವನೇ ಹಾಡುತ್ತಾನೆ. ರಸ್ತೆ ಬದಿಯಲ್ಲಿ ಬಿದ್ದವನು ತನ್ನ ಎದೆ ಸೀಳಿಕೊಂಡು ಹೃದಯ ಬಾವಲಿಯಂತೆ ಹಾರಿಹೋಗುವುದನ್ನು ತಾನೇ ಕಾಣುತ್ತಾನೆ. ವಾಸ್ತವದಲ್ಲಿ ಇದು ಸಾಧ್ಯವೇ ಎಂದು ನೀವು ಕೇಳಲಾರಿರಿ. ಕಂಪನಿ ನಾಟಕಗಳಲ್ಲಿ ಬಾಣ ತಾಗಿದ ನಾಯಕ ಪೂರ್ತಿ ಒಂದು ಕಂದ ಹಾಡಿ, ‘ಒನ್ಸ್ ಮೋರ್’ ಬಂದರೆ ಎದ್ದು ಮತ್ತೊಮ್ಮೆ ಹಾಡಿ ಸತ್ತದ್ದನ್ನು ಒಪ್ಪಿದ ಜನ ನಾವು.

ಆ ಅಪಘಾತದ ಮೊದಲು ಕೇಳುವ ಎಂಜಿನ್ ಸದ್ದು ಬೈಕಿನದಲ್ಲ. ನಿಜವಾದ ಮೋಟಾರ್ ಸೈಕಲ್ಲಿನ ಸದ್ದು ಬೇಕೆಂದು ಸ್ಟೈನ್‌ಮನ್ ಪಟ್ಟು ಹಿಡಿದಿದ್ದರು. ನಿರ್ಮಾಪಕ ಟಾಡ್ ರಂಡ್‌ಗ್ರೆನ್ ಗಿಟಾರ್ ಎತ್ತಿಕೊಂಡು ಅದರಲ್ಲಿಯೇ ಎಂಜಿನ್ನನ್ನು ಗುರುಗುಟ್ಟಿಸಿದರು. ನಾಟಕದಲ್ಲಿ ತಗಡು ಬಡಿದು ಗುಡುಗು ತರಿಸುವ ಕೈಚಳಕದಂಥದ್ದೇ ಇದು. ಇದೊಂದು ಭಾಗವನ್ನು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ, ದಯವಿಟ್ಟು. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.

ರಂಡ್‌ಗ್ರೆನ್ ಹೆಸರು ಬಂದಿತಾದ್ದರಿಂದ ‘ತಮಾಷೆಯೋ ಗಂಭೀರವೋ’ ಎಂಬ ನಿಮ್ಮ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಿಕೊಳ್ಳುತ್ತೇನೆ. ಸ್ಟೈನ್‌ಮನ್ ಪಿಯಾನೊ ನುಡಿಸುತ್ತ, ಮೀಟ್ ಲೋಫ್ ಹಾಡುತ್ತ, ಒಂದಾದ ಮೇಲೊಂದು ಧ್ವನಿಮುದ್ರಣ ಸಂಸ್ಥೆಯ ಕಚೇರಿಯಲ್ಲಿ ಈ ಹಾಡುಗಳನ್ನು ಆಡಿ ತೋರಿಸಿದರು. ಎಲ್ಲರೂ ಬೇಡವೆಂದರು. ಇದು ಯಾವ ಜಾತಿಯ ಸಂಗೀತ ಎಂದೇ ಅವರಿಗೆ ತಿಳಿಯಲಿಲ್ಲ. ರಂಡ್‌ಗ್ರೆನ್ ಒಪ್ಪಿಕೊಂಡದ್ದು ಬೇರೆ ಕಾರಣಕ್ಕೆ: ಆಗ ಮೆರೆಯುತ್ತಿದ್ದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಶೈಲಿಯ ಅಣಕವಾಗಿ ಇದು ಅವರಿಗೆ ಕಂಡಿತು, ನಗು ಬಂತು. ಆದರೆ ನಗು ಬಂದವರು ಕೆಲಸವನ್ನು ಹಗುರವಾಗಿ ಮಾಡಲಿಲ್ಲ. ಸ್ಪ್ರಿಂಗ್‌ಸ್ಟೀನ್ ಅವರ ತಂಡದವರೇ ಆದ ಪಿಯಾನೊ ವಾದಕ ರಾಯ್ ಬಿಟನ್, ಡ್ರಮ್ಸ್ ವಾದಕ ಮ್ಯಾಕ್ಸ್ ವೈನ್‌ಬರ್ಗ್ ಇಬ್ಬರೂ ನುಡಿಸಿದರು. ವುಡ್‌ಸ್ಟಾಕ್ ಬಳಿಯ ಬೇರ್ಸ್‌ವಿಲ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ನಡೆಯಿತು. ಕೊನೆಗೆ ಕ್ಲೀವ್‌ಲ್ಯಾಂಡ್ ಇಂಟರ್‌ನ್ಯಾಷನಲ್ ಎಂಬ ಸಣ್ಣ ಸಂಸ್ಥೆಯ ಸ್ಟೀವ್ ಪೊಪೊವಿಚ್ ಧೈರ್ಯ ಮಾಡಿದರು. 1977ರ ಅಕ್ಟೋಬರ್ 21ರಂದು ಆಲ್ಬಂ ಹೊರಬಂತು. ಒಂದೇ ವಾರದ ಅಂತರದಲ್ಲಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಆಲ್ಬಂ ಬಂತು. ಮೂರು ನಿಮಿಷದ ಹಾಡು, ಮೂರೇ ಸ್ವರಮೇಳ, ಅಲಂಕಾರವೆಲ್ಲ ಕಸದ ಬುಟ್ಟಿಗೆ ಎಂದು ಪಂಕ್ ಸಂಗೀತಗಾರರು ಸಾರುತ್ತಿದ್ದ ದಿನಗಳಲ್ಲಿ ಇಬ್ಬರು ನಾಟಕದವರು ಹತ್ತು ನಿಮಿಷದ ಹಾಡನ್ನು ಹಿಡಿದು ನಿಂತಿದ್ದರು.

ಹಾಗಾದರೆ ತಮಾಷೆಯೇ? ಹೌದು, ಗಂಭೀರವೂ ಹೌದು. ‘ಪ್ಯಾರಡೈಸ್ ಬೈ ದ ಡ್ಯಾಶ್‌ಬೋರ್ಡ್ ಲೈಟ್’ ಕೇಳಿದರೆ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ನೀವು ವಿಡಿಯೊ ನೋಡಿದ್ದು ಈ ಹಾಡಿನದೇ ಇರಬೇಕು. ಎಂಟೂವರೆ ನಿಮಿಷದಲ್ಲಿ ಮೂರು ದೃಶ್ಯ. ಮೊದಲನೆಯದರಲ್ಲಿ ನಿಂತ ಕಾರಿನೊಳಗೆ ಹುಡುಗ, ಹುಡುಗಿ. ಅವರು ಹತ್ತಿರವಾಗುತ್ತಿದ್ದಂತೆ ನಡುವೆ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಕೇಳಿಸುತ್ತದೆ. ಹೇಳುತ್ತಿರುವವರು ನ್ಯೂಯಾರ್ಕ್ ಯಾಂಕೀಸ್ ತಂಡದ ಹಳೆಯ ಆಟಗಾರ, ವೀಕ್ಷಕ ವಿವರಣೆಗಾರ ಫಿಲ್ ರಿಝುಟೊ. ಈ ಆಟದಲ್ಲಿ ಓಟಗಾರ ಒಂದೊಂದಾಗಿ ಮುಟ್ಟಬೇಕಾದ ತಾಣಗಳಿಗೆ ಬೇಸ್ ಎನ್ನುತ್ತಾರೆ. ಒಂದೊಂದು ಬೇಸ್ ದಾಟುವುದೆಂದರೆ ಪ್ರಣಯದಲ್ಲಿ ಒಂದೊಂದು ಮೆಟ್ಟಿಲು ಏರುವುದು ಎಂದು ಅಮೆರಿಕದ ಹುಡುಗರ ಸಂಕೇತ. ನನಗೆ ಆ ಭಾಗ ಹಿಡಿಸುವುದಿಲ್ಲ. ಹುಡುಗಿಯನ್ನು ಮೈದಾನ ಮಾಡಿಬಿಡುತ್ತದೆ, ಅಲ್ಲದೆ ಮೂರನೆಯ ಸಲ ಕೇಳುವಾಗ ಉದ್ದವೆನಿಸುತ್ತದೆ. ಆದರೆ ಅದು ಮುಗಿಯುವ ಕ್ಷಣಕ್ಕಾಗಿ ಅದನ್ನು ಸಹಿಸಬಹುದು. ಓಟಗಾರ ಇನ್ನೇನು ಗುರಿ ಮುಟ್ಟಬೇಕು, ಹುಡುಗಿಯ ದನಿ ‘ನಿಲ್ಲು’ ಎನ್ನುತ್ತದೆ. ಇಡೀ ವಾದ್ಯವೃಂದ ನಿಲ್ಲುತ್ತದೆ. ಜೀವನಪೂರ್ತಿ ಪ್ರೀತಿಸುತ್ತೀಯಾ, ಮದುವೆಯಾಗುತ್ತೀಯಾ, ಮೊದಲು ಹೇಳು ಎನ್ನುತ್ತಾಳೆ. ಬೆಳಿಗ್ಗೆ ಹೇಳುತ್ತೇನೆ, ರಾತ್ರಿ ಯೋಚಿಸಲು ಬಿಡು ಎನ್ನುತ್ತಾನೆ. ಅಷ್ಟು ಹೊತ್ತು ಮೈದಾನವಾಗಿದ್ದವಳು ಈಗ ಪೂರ್ತಿ ದೃಶ್ಯವನ್ನು ಆಳುತ್ತಾಳೆ. ಅವನು ತಾಳಲಾರದೆ ಆಣೆ ಇಡುತ್ತಾನೆ. ಮೂರನೆಯ ದೃಶ್ಯದಲ್ಲಿ ಅದೇ ಜೋಡಿ, ವರ್ಷಗಳ ನಂತರ. ಕೊಟ್ಟ ಮಾತನ್ನು ಮೀರಲಾರದೆ, ಒಬ್ಬರನ್ನೊಬ್ಬರು ಸಹಿಸಲಾರದೆ, ಕಾಲವೇ ಕೊನೆಯಾಗಲಿ ಎಂದು ಪ್ರಾರ್ಥಿಸುತ್ತಿದ್ದಾರೆ. ನಗುತ್ತಲೇ ಕೇಳುತ್ತಿದ್ದವನ ಗಂಟಲು ಅಲ್ಲಿ ಒಣಗುತ್ತದೆ. ಯಾವ ಪ್ರಹಸನ ಇದಕ್ಕಿಂತ ಕ್ರೂರವಾಗಿ ಮುಗಿದೀತು?

ಆ ಹುಡುಗಿಯ ದನಿ ಎಲೆನ್ ಫೋಲೆ ಅವರದು. ವಿಡಿಯೊದಲ್ಲಿ ನೀವು ಕಂಡವರು ಮಾತ್ರ ಕಾರ್ಲಾ ಡಿವೀಟೊ. ಅವರು ಫೋಲೆಯವರ ದನಿಗೆ ತುಟಿ ಚಲಿಸಿದ್ದಾರೆ. ಹಿನ್ನೆಲೆ ಗಾಯನಕ್ಕೆ ಒಗ್ಗಿದ ನಮಗೆ ಇದೇನೂ ವಿಚಿತ್ರವಲ್ಲ. ಆದರೂ ಹಾಡಿದವರ ಹೆಸರು ಹೇಳಲೇಬೇಕು, ಏಕೆಂದರೆ ಮೀಟ್ ಲೋಫ್ ಎದುರು ಒಂದು ಅಂಗುಲವೂ ಹಿಂದೆ ಸರಿಯದ ದನಿ ಅದು.

ಪ್ರತಿ ಸಾಲನ್ನೂ ಕೂಗುತ್ತಾರೆ ಎಂದಿರಿ. ಅದನ್ನು ನಾನು ಒಪ್ಪಲಾರೆ. ಮೂರನೆಯ ಹಾಡು ‘ಹೆವನ್ ಕ್ಯಾನ್ ವೇಟ್’ ಕೇಳಿ. ಅಷ್ಟು ದೊಡ್ಡ ಎದೆಯಿಂದ ಅಷ್ಟು ಮೆಲ್ಲಗೆ ಹೊರಡುವ ದನಿ ಮಲಗಿದ ಮಗುವಿನ ಕೋಣೆಯಲ್ಲಿ ಹಾಡಿದಂತಿದೆ. ‘ಟೂ ಔಟ್ ಆಫ್ ತ್ರೀ’ ಹಾಡಿನಲ್ಲಿ ಒಬ್ಬ ಗಂಡಸು, ನೀನು ಬೇಕು, ನೀನಿಲ್ಲದೆ ಆಗದು, ಆದರೆ ಪ್ರೀತಿ ಮಾತ್ರ ಇಲ್ಲ ಎಂದು ಒಬ್ಬಳಿಗೆ ಹೇಳುತ್ತಾನೆ. ಇನ್ನೊಬ್ಬಳು ತನಗೆ ಅದೇ ಮಾತನ್ನು ಹೇಳಿ ಬಿಟ್ಟುಹೋದದ್ದು ಕೊನೆಗೆ ಬಯಲಾಗುತ್ತದೆ. ಸ್ಟೈನ್‌ಮನ್ ಬರೆದದ್ದರಲ್ಲಿ ಇಷ್ಟು ಸರಳವಾದದ್ದು ಕಡಿಮೆ. ನಟನೊಬ್ಬ ಸ್ವಗತವನ್ನು ಹೇಗೆ ತೂಗಿ ಆಡುತ್ತಾನೋ ಹಾಗೆ ಇಲ್ಲಿ ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆಂಗಿಕ, ಆಹಾರ್ಯ ಒಂದೂ ಇಲ್ಲದೆ ವಾಚಿಕ ಒಂದರಿಂದಲೇ ಪಾತ್ರ ಕಟ್ಟುವುದು ಎಷ್ಟು ಕಷ್ಟವೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

‘ಆಲ್ ರೆವ್ಡ್ ಅಪ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಡ್ಗರ್ ವಿಂಟರ್ ಅವರ ಸ್ಯಾಕ್ಸೋಫೋನ್ ಚೆನ್ನಾಗಿದೆ, ಹಾಡು ಮಿಕ್ಕವುಗಳಷ್ಟು ಎತ್ತರದ್ದಲ್ಲ.

ಜನ ಈ ಆಲ್ಬಂ ಅನ್ನು ಕೈಬಿಡಲಿಲ್ಲ. ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಅದು 500ಕ್ಕೂ ಹೆಚ್ಚು ವಾರ ಕಾಣಿಸಿಕೊಂಡಿತು. ಬೆಲೆಯನ್ನು ಮೊದಲು ತೆತ್ತವರು ಗಾಯಕರೇ. ಊರೂರು ತಿರುಗಿ ರಾತ್ರಿ ರಾತ್ರಿ ಹೀಗೆ ಹಾಡಿದ ಮೀಟ್ ಲೋಫ್ ಅವರ ಗಂಟಲು ಕೆಟ್ಟಿತು. ಎರಡನೆಯ ಆಲ್ಬಂಗೆಂದು ಸ್ಟೈನ್‌ಮನ್ ಬರೆದಿದ್ದ ಹಾಡುಗಳನ್ನು ಹಾಡಲಾಗದೆ, 1981ರಲ್ಲಿ ಸ್ಟೈನ್‌ಮನ್ ಅವರೇ ಅವನ್ನು ತಮ್ಮ ಹೆಸರಿನಲ್ಲಿ ತಂದರು. ನೀವು ಕೂಗಾಟ ಎಂದದ್ದರ ಹಿಂದೆ ಹೀಗೊಂದು ದೇಹ ಸವೆದಿದೆ. ಈ ಆಲ್ಬಂ ಪೂರ್ತಿ ನಾಟಕವಾಗಿ ರಂಗ ತಲುಪಲು ನಲವತ್ತು ವರ್ಷ ಬೇಕಾಯಿತು. 2017ರಲ್ಲಿ ಮ್ಯಾಂಚೆಸ್ಟರ್ ಒಪೆರಾ ಹೌಸ್‌ನಲ್ಲಿ ‘ಬ್ಯಾಟ್ ಔಟ್ ಆಫ್ ಹೆಲ್’ ಸಂಗೀತ ನಾಟಕವಾಗಿ ತೆರೆ ಕಂಡಿತು. ಇಬ್ಬರೂ ಬದುಕಿದ್ದಾಗಲೇ ಅದು ಆದದ್ದು ನನಗೆ ಸಮಾಧಾನ ಕೊಡುವ ಸಂಗತಿ. ಸ್ಟೈನ್‌ಮನ್ 2021ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಒಂಬತ್ತು ತಿಂಗಳು ಕಳೆದು, 2022ರ ಜನವರಿಯಲ್ಲಿ, ಮೀಟ್ ಲೋಫ್.

ನಿಮ್ಮಲ್ಲಿ ಒಂದು ಕೋರಿಕೆ. ಇನ್ನೊಮ್ಮೆ ಕೇಳಿ, ಆದರೆ ಕ್ರಮ ತಪ್ಪಿಸಬೇಡಿ. ಮೊಬೈಲು ತನ್ನಿಷ್ಟಕ್ಕೆ ಹಾಡುಗಳನ್ನು ಕಲಸಿ ಕೊಡುವುದನ್ನು ನಿಲ್ಲಿಸಿ. ಮೊದಲ ನಾಲ್ಕು ಹಾಡು ಮುಗಿದಾಗ ಎದ್ದು ಕಾಫಿ ಮಾಡಿಕೊಳ್ಳಿ. ಎಲ್‌ಪಿ ತಟ್ಟೆಯನ್ನು ಮಗುಚುತ್ತಿದ್ದ ಜಾಗ ಅದು, ನಿಮ್ಮ ಮಧ್ಯಂತರ. ಉಳಿದ ಮೂರರಲ್ಲಿ ಕೊನೆಯದು ‘ಫಾರ್ ಕ್ರೈಯಿಂಗ್ ಔಟ್ ಲೌಡ್’. ಪಿಯಾನೊ ಒಂದರ ಜೊತೆ ಶುರುವಾಗಿ, ವಾದ್ಯವೃಂದ ಬೆಳೆದು ಬೆಳೆದು ಸಭೆಯನ್ನೆಲ್ಲ ತುಂಬಿ, ಮತ್ತೆ ತಗ್ಗುತ್ತದೆ. ಮೊದಲ ಹಾಡಿನಲ್ಲಿ ಬೆಳಗಾಗುವುದರೊಳಗೆ ಓಡಿಹೋಗುತ್ತೇನೆ ಎಂದಿದ್ದವನು ಇಲ್ಲಿ ಒಬ್ಬಳ ಎದುರು ನಿಂತು, ನೀನು ನನಗಾಗಿ ಮಾಡಿದ್ದು ಇದು, ಇದು, ಇದು ಎಂದು ಒಂದೊಂದಾಗಿ ಎಣಿಸಿ ಕೃತಜ್ಞತೆ ಹೇಳುತ್ತಾನೆ. ಓಡುವುದಿಲ್ಲ. ಆ ಎಂಟೂಮುಕ್ಕಾಲು ನಿಮಿಷ ಕೇಳಿದ ಮೇಲೂ ಅತಿನಟನೆ ಎನಿಸಿದರೆ ಎಲ್ಲಿ, ಯಾವ ಸಾಲಿನಲ್ಲಿ ಎಂದು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಈ ಜಾಗವನ್ನು ನಿಮಗೇ ಕೊಡುತ್ತೇನೆ.

– ಸಂಪಾದಕ