13 ಲಕ್ಷ ಸಂಬಳಕ್ಕೆ ಈಗ ತೆರಿಗೆ ಎಷ್ಟು?

12 ಲಕ್ಷದವರೆಗೆ ತೆರಿಗೆ ಇಲ್ಲ ಅಂತಾರೆ, ನನ್ನ ಸಂಬಳ 13 ಲಕ್ಷ, ಪೂರ್ತಿ ಕಟ್ಟಬೇಕಾ ಅಂತ ಕೇಳಿದ್ದೀರಿ. ಗಾಬರಿಯಾಗಬೇಡಿ. 2025ರ ಬಜೆಟ್‌ನ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ಮೊದಲೇ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮೊದಲು ಸಂಬಳದಿಂದ ಕಳೆಯುವ ಮೊತ್ತ) ಸಿಗುತ್ತದೆ. ಉಳಿಯುವುದು 12.25 ಲಕ್ಷ. ಸ್ಲ್ಯಾಬ್ (ಆದಾಯದ ಹಂತಕ್ಕೆ ತಕ್ಕ ದರ) ಲೆಕ್ಕ ಹಾಕಿದರೆ ತೆರಿಗೆ 63,750 ಬರುತ್ತದೆ, ಆದರೆ ನೀವು 12 ಲಕ್ಷದ ಮಿತಿ ದಾಟಿರುವುದು ಬರೀ 25,000 ಅಲ್ವಾ, ಅದಕ್ಕಿಂತ ಜಾಸ್ತಿ ತೆರಿಗೆ ಹಾಕುವಂತಿಲ್ಲ. ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿ 26,000 ಕಟ್ಟಿದರೆ ಆಯಿತು. ಆದರೆ ಷೇರು ಮಾರಿದ ಲಾಭಕ್ಕೆ ಈ ರಿಯಾಯಿತಿ ಇಲ್ಲ, ನೆನಪಿರಲಿ.

ಮನೆಯಲ್ಲಿ 60 ದಾಟಿದ ಅಪ್ಪ, ಅಮ್ಮ ಇದ್ದಾರಾ? ಅವರ ಎಫ್‌ಡಿ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟುವವರೆಗೆ ಬ್ಯಾಂಕ್ ಟಿಡಿಎಸ್ (ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ, ಮೊದಲು 50,000 ಇತ್ತು. ಹಾಗಂತ ಸುಮ್ನೆ ಬಿಡಬೇಡಿ, ರಿಟರ್ನ್ ಹಾಕುವಾಗ ಆ ಬಡ್ಡಿ ತೋರಿಸಲೇಬೇಕು.