ದೇಣಿಗೆಯನ್ನು ಜಾಹೀರಾತಿಗೆ ಸುರಿಯುವ ಮುಂಚೆ ನಿಮ್ಮ ಇನ್‌ಸ್ಟಾಲರ್ ನೋಡಿ

ಖಾತೆಯಲ್ಲಿ ದೇಣಿಗೆ ಸುಮ್ಮನೆ ಕೂತಿದೆ, ಸಾಫ್ಟ್‌ವೇರ್ ಚೆನ್ನಾಗಿದೆ, ಆದರೆ ಹೊರಗೆ ಯಾರಿಗೂ ಗೊತ್ತಿಲ್ಲ, ಜಾಹೀರಾತು ಕೊಡೋಣವೇ ಎಂದು ಕೇಳಿದ್ದೀರಿ. ಕೋಡನ್ನು ಎಲ್ಲರಿಗೂ ತೆರೆದಿಟ್ಟಿರುವ ನಮ್ಮ ಓಪನ್ ಸೋರ್ಸ್ ಪ್ರಾಜೆಕ್ಟಿನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಕೊಟ್ಟೆವು. ಡೌನ್‌ಲೋಡ್ ಏರಿತು, ಬಳಸುವವರು ಏರಲಿಲ್ಲ, ಹಣ ಖಾಲಿಯಾಯಿತು.

ತಪ್ಪು ಒಂದೇ. ಅದನ್ನು ಕೊಂಚ ಉದ್ದಕ್ಕೇ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೇಲ್ನೋಟಕ್ಕೆ ಅದು ತಪ್ಪಿನಂತೆ ಕಾಣುವುದೇ ಇಲ್ಲ.

ನಮ್ಮದು ಡೆಸ್ಕ್‌ಟಾಪ್ ಸಾಫ್ಟ್‌ವೇರ್, ಫೋನಿನಲ್ಲಿ ಓಡುವುದಿಲ್ಲ. ಸರ್ಚ್ ಜಾಹೀರಾತಿನ ಖಾತೆ ತೆರೆದಾಗ ‘ಕನ್ವರ್ಶನ್’, ಅಂದರೆ ಜಾಹೀರಾತು ಗೆದ್ದಿತು ಎಂದು ಎಣಿಸಬೇಕಾದ ಕ್ರಿಯೆ, ಯಾವುದು ಎಂದು ನಾವೇ ಹೇಳಬೇಕು. ಡೌನ್‌ಲೋಡ್ ಬಟನ್ ಒತ್ತಿದರೆ ಕನ್ವರ್ಶನ್ ಎಂದೆವು. ಬಿಡ್ಡಿಂಗ್ ಅನ್ನು, ಅಂದರೆ ಜಾಹೀರಾತಿನ ಜಾಗಕ್ಕೆ ಎಷ್ಟು ಹಣ ಕೂಗಬೇಕೆಂಬುದನ್ನು, ‘ಕನ್ವರ್ಶನ್ ಹೆಚ್ಚಿಸು’ ಎಂದು ಯಂತ್ರದ ಕೈಗೆ ಕೊಟ್ಟೆವು. ಯಂತ್ರ ಚಾಚೂ ತಪ್ಪದೆ ಅದನ್ನೇ ಮಾಡಿತು. ಬಟನ್ ಒತ್ತುವವರು ಎಲ್ಲಿ ಅಗ್ಗಕ್ಕೆ ಸಿಗುತ್ತಾರೋ ಅಲ್ಲಿಗೆ, ಅಂದರೆ ಫೋನುಗಳಿಗೆ, ಹೋಯಿತು. ಫೋನಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಇಳಿಯುತ್ತದೆ, ಆದರೆ ತೆರೆಯುವುದಿಲ್ಲ. ಏನೋ ಸರಿಯಾಗಿ ಇಳಿದಿಲ್ಲವೆಂದುಕೊಂಡು ಜನ ಇನ್ನೊಮ್ಮೆ ಒತ್ತುತ್ತಾರೆ, ಮತ್ತೊಮ್ಮೆ ಒತ್ತುತ್ತಾರೆ. ಎಣಿಕೆಯ ಸೆಟ್ಟಿಂಗ್ ‘ಜಾಹೀರಾತಿನ ಒಂದು ಕ್ಲಿಕ್ಕಿಗೆ ಒಂದು’ ಎಂದಿರುವ ಬದಲು ‘ಪ್ರತಿ ಸಲ’ ಎಂದಿತ್ತು. ಹಾಗಾಗಿ ಒಬ್ಬರ ಸೋಲು ಮೂರು ಗೆಲುವಾಗಿ ದಾಖಲಾಯಿತು, ಯಂತ್ರ ಅಂಥವರನ್ನೇ ಇನ್ನಷ್ಟು ಹುಡುಕಿ ತಂದಿತು. ವರದಿ ಮಾತ್ರ ವಾರದಿಂದ ವಾರಕ್ಕೆ ಸುಂದರವಾಗುತ್ತಾ ಹೋಯಿತು.

ನಮ್ಮ ಕೋಡ್ ಇರುವ ಗಿಟ್‌ಹಬ್ ತಾಣದ ಡೌನ್‌ಲೋಡ್ ಲೆಕ್ಕವೂ ನಮ್ಮನ್ನು ಎಚ್ಚರಿಸಲಿಲ್ಲ. ಅಲ್ಲಿ ಸಿಗುವುದು ಫೈಲ್ ಎಷ್ಟು ಸಲ ಇಳಿಯಿತು ಎಂಬ ಒಂದೇ ಮೊತ್ತ. ಫೋನಿನಲ್ಲಿ ಇಳಿಸಿಕೊಂಡವರು, ರಾತ್ರಿಯಿಡೀ ಬಿಲ್ಡ್ ಮಾಡುವ ಸರ್ವರ್‌ಗಳು, ಸಾಫ್ಟ್‌ವೇರನ್ನು ತಾವಾಗಿಯೇ ತಂದು ಹಾಕುವ ಪ್ಯಾಕೇಜ್ ಮ್ಯಾನೇಜರ್‌ಗಳು ಎಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ.

ಎಣಿಸಬೇಕಾದದ್ದು ಡೌನ್‌ಲೋಡ್ ಅಲ್ಲ, ಉಳಿದುಕೊಂಡವರನ್ನು. ಬೇಹುಗಾರಿಕೆ ಇಲ್ಲದೆಯೂ ಇದು ಸಾಧ್ಯ. ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಫೆಡೋರಾ 2020ರಲ್ಲಿ 32ನೇ ಆವೃತ್ತಿಯಿಂದ ತಂದ ‘ಕೌಂಟ್‌ಮಿ’ ವಿಧಾನ ನೋಡಿ. ಅಪ್‌ಡೇಟ್ ಪಟ್ಟಿ ಕೇಳುವ ಮನವಿಯಲ್ಲಿ ವಾರಕ್ಕೊಮ್ಮೆ 1ರಿಂದ 4ರವರೆಗಿನ ಒಂದು ಅಂಕೆ ಹೋಗುತ್ತದೆ. ಮೊದಲ ವಾರವಾದರೆ 1, ಮೊದಲ ತಿಂಗಳಾದರೆ 2, ಆರು ತಿಂಗಳೊಳಗಾದರೆ 3, ಅದಕ್ಕೂ ಹಳತಾದರೆ 4. ಬಳಕೆದಾರರ ಗುರುತಿನ ಸಂಖ್ಯೆ ಬೇಡವೇ ಬೇಡ. ನಿಮ್ಮ ಅಪ್‌ಡೇಟ್ ಪರೀಕ್ಷೆಗೆ ಇಷ್ಟನ್ನು ಸೇರಿಸಿ, ಹೀಗೆ ಮಾಡುತ್ತಿದ್ದೇವೆ ಎಂದು ಬಳಕೆದಾರರಿಗೆ ತಿಳಿಸಿ, ಬೇಡವೆನ್ನುವವರಿಗೆ ಆಫ್ ಮಾಡಲು ಒಂದು ಸ್ವಿಚ್ ಕೊಡಿ. ಸರ್ವರ್ ಲಾಗ್‌ನಲ್ಲಿ 2, ಅಂದರೆ ಮೊದಲ ವಾರ ದಾಟಿಯೂ ಉಳಿದವರ ಅಂಕೆ, ಎಷ್ಟಿವೆ ಎಂದು ಎಣಿಸಿದರೆ ಸಾಕು, ಜಾಹೀರಾತಿನ ಬಣ್ಣ ಬಯಲಾಗುತ್ತದೆ.

ಇನ್ನು ಕಂಪ್ಯೂಟರಿನಿಂದಲೇ ಬಂದವರ ಕಥೆ. ಇನ್‌ಸ್ಟಾಲರ್‌ಗೆ ಡಿಜಿಟಲ್ ಸಹಿ, ಅಂದರೆ ಅದನ್ನು ಮಾಡಿದವರು ಯಾರೆಂದು ಸಾರುವ ಗುರುತು, ಇಲ್ಲದಿದ್ದರೆ ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆಯ ಕಿಟಕಿಯನ್ನು ಅಡ್ಡ ತರುತ್ತದೆ, ‘ಆದರೂ ಚಲಾಯಿಸು’ ಎಂಬ ಬಟನ್ ಇನ್ನೊಂದು ಕ್ಲಿಕ್ಕಿನ ಹಿಂದೆ ಅಡಗಿರುತ್ತದೆ. ಸ್ನೇಹಿತರು ಹೇಳಿ ಬಂದವರು ಅದನ್ನು ದಾಟುತ್ತಾರೆ. ಜಾಹೀರಾತು ನೋಡಿ ಬಂದ ಅಪರಿಚಿತರು ದಾಟುವುದಿಲ್ಲ, ದಾಟಲೂಬಾರದು! ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಎನ್ನುತ್ತೇನೆ. ಮೊದಲ ಹಣ ಸಹಿಯ ಪ್ರಮಾಣಪತ್ರಕ್ಕೆ ಹೋಗಬೇಕು. 2023ರ ಜೂನ್‌ನಿಂದ ಅದರ ಖಾಸಗಿ ಕೀಲಿ, ಅಂದರೆ ಸಹಿ ಮಾಡಲು ಬಳಸುವ ಗುಟ್ಟಿನ ಸಂಕೇತ, ಹಾರ್ಡ್‌ವೇರ್ ಸಾಧನದಲ್ಲೇ ಇರಬೇಕೆಂಬ ನಿಯಮವಿದೆ, ಬರೀ ಫೈಲಾಗಿ ಸಿಗುವುದಿಲ್ಲ. ಆದ್ದರಿಂದ ಯುಎಸ್‌ಬಿ ಟೋಕನ್ ಯಾರ ಬಳಿ ಇರಬೇಕು, ಅಥವಾ ಕ್ಲೌಡ್‌ನಲ್ಲಿ ಸಹಿ ಮಾಡಿಸುವುದೇ ಎಂಬುದನ್ನು ಕೊಳ್ಳುವ ಮುಂಚೆಯೇ ತೀರ್ಮಾನಿಸಿ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಸೈನ್‌ಪಾತ್ ಫೌಂಡೇಶನ್ ಉಚಿತವಾಗಿ ಸಹಿ ಮಾಡಿಕೊಡುತ್ತದೆ, ಅರ್ಜಿ ಹಾಕಿ. ಮ್ಯಾಕ್‌ಗೆ ನೋಟರೈಸ್ ಮಾಡಿಸಲು, ಅಂದರೆ ಆ್ಯಪಲ್‌ನಿಂದ ಪರೀಕ್ಷಿಸಿ ಒಪ್ಪಿಗೆ ಪಡೆಯಲು, ಆ್ಯಪಲ್‌ನ ಡೆವಲಪರ್ ಸದಸ್ಯತ್ವ ಬೇಕು, ವರ್ಷಕ್ಕೆ 99 ಡಾಲರ್. ಸಹಿ ಬಂದ ತಕ್ಷಣ ವಿಂಡೋಸ್‌ನ ಎಚ್ಚರಿಕೆ ಪೂರ್ತಿ ಮಾಯವಾಗದು, ಜನ ಬಳಸಿದಂತೆ ಹೆಸರು ಗಟ್ಟಿಯಾಗುತ್ತದೆ. ಅದಕ್ಕೇ ಬೇಗ ಶುರು ಮಾಡಿ ಎನ್ನುವುದು.

ದಾನಿಗಳ ವಿಷಯಕ್ಕೆ ಬರೋಣ. ‘ಅಭಿವೃದ್ಧಿಗೆ ನೆರವಾಗಿ’ ಎಂದು ಬರೆದು ಕೇಳಿದ ಹಣವನ್ನು ಜಾಹೀರಾತಿಗೆ ತಿರುಗಿಸಬೇಡಿ, ಕಾನೂನು ಅಡ್ಡ ಬರದಿದ್ದರೂ ಸರಿಯೇ. ಜಾಹೀರಾತು ಬೇಕೇ ಬೇಕೆಂದರೆ ಅದಕ್ಕೆಂದೇ ಬೇರೆ ಕೇಳಿ. ಓಪನ್ ಸೋರ್ಸ್ ಬ್ರೌಸರ್ ಫೈರ್‌ಫಾಕ್ಸ್ 1.0 ಬಂದದ್ದು 2004ರ ನವೆಂಬರ್‌ನಲ್ಲಿ. ಮರುತಿಂಗಳು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು ಬಂತು. ಅದಕ್ಕೆ ಹಣ ಕೊಟ್ಟ ಸುಮಾರು 10,000 ಜನರ ಹೆಸರು ಆ ಪುಟದಲ್ಲೇ ಅಚ್ಚಾಗಿತ್ತು. ಕೊಟ್ಟವರಿಗೆ ತಾವು ಕೊಡುತ್ತಿರುವುದು ಜಾಹೀರಾತಿಗೇ ಎಂದು ಗೊತ್ತಿತ್ತು, ಹಾಗಾಗಿ ತಕರಾರಿಗೆ ಜಾಗವೇ ಇರಲಿಲ್ಲ.

ನಿಮ್ಮದು ನೋಂದಾಯಿತ ಲಾಭರಹಿತ ಸಂಸ್ಥೆಯಾಗಿದ್ದರೆ ಕೈಯಿಂದ ಹಣ ಹಾಕುವ ಮುಂಚೆ ಗೂಗಲ್ ಆಡ್ ಗ್ರಾಂಟ್ಸ್ ನೋಡಿ. ತಿಂಗಳಿಗೆ 10,000 ಡಾಲರ್‌ವರೆಗಿನ ಸರ್ಚ್ ಜಾಹೀರಾತು ಪುಕ್ಕಟೆ, ಬರೀ ಪಠ್ಯದ್ದು. ಜಾಹೀರಾತು ಕಂಡ ಸಲಗಳಲ್ಲಿ ಕ್ಲಿಕ್ ಆದ ಪ್ರಮಾಣ ಶೇ. 5ಕ್ಕಿಂತ ಕೆಳಗೆ ಎರಡು ತಿಂಗಳು ಸತತ ನಿಂತರೆ ಖಾತೆ ತಡೆಹಿಡಿಯಬಹುದು, ಒಂಟಿ ಪದದ ಕೀವರ್ಡ್‌ಗಳೂ (ಜಾಹೀರಾತು ತೋರಿಸಲು ನೀವು ಆರಿಸುವ ಹುಡುಕಾಟದ ಪದಗಳು) ನಡೆಯುವುದಿಲ್ಲ, ನಿಮ್ಮ ಸ್ವಂತ ಹೆಸರು ಬಿಟ್ಟರೆ.

ಆ ಸ್ವಂತ ಹೆಸರಿನ ಮೇಲೆ ಒಂದು ಕಣ್ಣಿರಲಿ. 2022ರಲ್ಲಿ ಚಿತ್ರ ತಿದ್ದುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಗಿಂಪ್‌ನ ಹೆಸರಿನ ಸರ್ಚ್ ಜಾಹೀರಾತೊಂದು ನಕಲಿ ತಾಣಕ್ಕೆ ಒಯ್ದು ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಇಳಿಸುತ್ತಿತ್ತು. ವಾರಕ್ಕೊಮ್ಮೆ ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ನಿಮ್ಮ ಸಾಫ್ಟ್‌ವೇರ್ ಹೆಸರನ್ನು ಹುಡುಕಿ ನೋಡಿ. ಟ್ರೇಡ್‌ಮಾರ್ಕ್ ನೋಂದಣಿ ಇದ್ದರೆ ದೂರಿಗೆ ತೂಕ ಬರುತ್ತದೆ. ದೇಣಿಗೆ ಹಣವನ್ನು ಆ ನೋಂದಣಿಗೆ ಖರ್ಚು ಮಾಡಿದರೆ ನಾನಂತೂ ಪ್ರಶ್ನಿಸುವುದಿಲ್ಲ.

ಇಷ್ಟಾದ ಮೇಲೂ ಪರೀಕ್ಷಿಸುವ ಆಸೆ ಇದ್ದರೆ, ಒಂದೇ ಭಾಷೆಯಲ್ಲಿ ಎರಡು ವಾರ ಜಾಹೀರಾತು ಹಾಕಿ. ಮೊಬೈಲ್ ಬಿಡ್ ಮೈನಸ್ ಶೇ. 100 (ಅಂದರೆ ಫೋನಿನಲ್ಲಿ ಬೇಡ), ಬೇರೆ ತಾಣಗಳಲ್ಲಿ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್‌ನ ಟಿಕ್ ತೆಗೆದಿರಬೇಕು, ಸ್ಥಳದ ಆಯ್ಕೆಯಲ್ಲಿ ‘ಆಸಕ್ತಿ ಇರುವವರು’ ಬೇಡ, ‘ಅಲ್ಲೇ ಇರುವವರು’ ಸಾಕು. ಕನ್ವರ್ಶನ್ ಒಂದು ಕ್ಲಿಕ್ಕಿಗೆ ಒಂದೇ. ಅಪ್‌ಡೇಟ್ ಮನವಿಯಲ್ಲಿ ಇಂಟರ್‌ಫೇಸ್ ಭಾಷೆಯನ್ನೂ ಕಳಿಸಿ. ಜಾಹೀರಾತು ನಿಂತು ಒಂದು ತಿಂಗಳಾದ ಮೇಲೆ, ಆ ತಿಂಗಳ ಲಾಗ್‌ನಲ್ಲಿರುವ ಆ ಭಾಷೆಯ 2ನೇ ಅಂಕೆಯವರನ್ನು ಉಳಿದ ಭಾಷೆಗಳವರ ಜೊತೆ ಹೋಲಿಸಿ ನೋಡಿ. ಎರಡೂ ಒಂದೇ ರೀತಿಯಲ್ಲಿ ಸಾಗಿದ್ದರೆ ಆ ಖಾತೆ ಮುಚ್ಚಿ, ಉಳಿದ ಹಣದಲ್ಲಿ ಮೊದಲ ಸಲ ತೆರೆದಾಗ ಕಾಣುವ ಪರದೆಯನ್ನು ಯಾರಾದರೂ ಒಳ್ಳೆಯ ಡಿಸೈನರ್ ಕೈಯಲ್ಲಿ ಸರಿ ಮಾಡಿಸಿ.